ಮೇಲೆ ಶಿಕ್ಕಾ, ಕೆಳಗೆ ಮೋರ್ತಬ

ಮನೆಗೆ ಯಾರಾದರೂ ಮೋಡಿ ಕಾಗದ ತಂದರೆ ನಾನು ಮೊದಲು ನೋಡುವುದು ಅದರ ಕಾಲಿನ ಕಡೆ. ತಲೆಯ ಕಡೆ ಆಮೇಲೆ ಬರುತ್ತೇನೆ. ಇದು ನನ್ನ ತಾಯಿಯ ತಂದೆ ಹಾಕಿಕೊಟ್ಟ ರೂಢಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ, ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇನ್ನೂ ರುಮಾಲುಗಳಿವೆ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟಿಗೆ ನಮ್ಮಲ್ಲಿ ರುಮಾಲು ಎನ್ನುತ್ತಾರೆ. ಒಳಗಿರುವುದು ಮೋಡಿ ಬರಹ. ಬೋರು, ಅಂದರೆ ಲೇಖಣಿ, ಎತ್ತದೆ ಒಂದೇ ಓಟದಲ್ಲಿ ಬರೆದ ಮರಾಠಿ. ಅದನ್ನು ಓದುವವರು ಈಗ ಊರಿಗೊಬ್ಬರೂ ಇಲ್ಲ. ಹಿಸ್ಸೆಯ ತಂಟೆ ಬಂದಾಗಲೋ, ಗುಡಿಯ ಇನಾಮು ಹೊಲದ ಮಾತು ಬಂದಾಗಲೋ ಜನ ಗಂಟು ಬಿಚ್ಚುತ್ತಾರೆ, ನನ್ನ ಹತ್ತಿರ ಬರುತ್ತಾರೆ.

ಇಂಥ ಸರಕಾರಿ ಕಾಗದಕ್ಕೆ ಎರಡು ಮುದ್ರೆ. ಮೇಲೆ ದೊಡ್ಡದು, ಅದು ಶಿಕ್ಕಾ. ಯಾರ ಹೆಸರಿನಲ್ಲಿ ಆಜ್ಞೆ ಹೊರಟಿದೆ ಎಂಬುದು ಅದರಲ್ಲಿ ಇರುತ್ತದೆ. ಬರಹ ಮುಗಿದ ಜಾಗದಲ್ಲಿ, ಕೊನೆಯ ಸಾಲಿನ ಕೆಳಗೆ ಒಂದು ಚಿಕ್ಕ ಮುದ್ರೆ, ಅದು ಮೋರ್ತಬ. ಇಲ್ಲಿಗೆ ಬರವಣಿಗೆ ಮುಗಿಯಿತು, ಇನ್ನು ಮುಂದೆ ಯಾರೂ ಒಂದು ಸಾಲು ಸೇರಿಸಬಾರದು ಎಂದು ಅದರ ಅರ್ಥ. ಅಜ್ಜ ಹೇಳುತ್ತಿದ್ದರು: "ರಾಜ ಯಾರು ಅಂತ ಮ್ಯಾಲಿನ ಶಿಕ್ಕಾ ಹೇಳತೈತಿ. ರಾಜ್ಯ ಯಾರ ಕೈಯಾಗ ಐತಿ ಅನ್ನೂದನ್ನ ಕೆಳಗಿನ ಮೋರ್ತಬ ಒತ್ತಿದ ಕೈ ಹೇಳತೈತಿ."

ಹೋದ ದೀಪಾವಳಿಗೆ ಕಾಗವಾಡದ ಕಡೆಯ ಒಂದು ಮನೆಯವರು ಗುಡಿಯ ನಂದಾದೀಪದ ಎಣ್ಣೆಗೆಂದು ಬಿಟ್ಟ ಹೊಲದ ಕಾಗದ ತಂದಿದ್ದರು. ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಇಸವಿ ಮಾತ್ರ ಚೆನ್ನಾಗಿ ಉಳಿದಿತ್ತು: "ಸೀತ ಸಬೈನ ಮಯಾ ವ ಅಲಫ". ಪೇಶ್ವೆ ಕಾಲದ ಕಾರಕೂನರು ಇಸವಿಯನ್ನು ಅರಬ್ಬಿ ಶಬ್ದಗಳಲ್ಲಿ ಬರೆಯುತ್ತಿದ್ದರು. ಸೀತ ಆರು, ಸಬೈನ ಎಪ್ಪತ್ತು, ಮಯಾ ನೂರು, ಅಲಫ ಸಾವಿರ. ಒಟ್ಟು 1176. ಈ ಶುಹೂರ ಸನ್ನಿಗೆ 599 ಕೂಡಿಸಿದರೆ 1775. ಮೇಲಿನ ಶಿಕ್ಕಾದಲ್ಲಿ ಮೊದಲು ಸಾತಾರೆಯ ರಾಜಾರಾಮ ಛತ್ರಪತಿಯ ಹೆಸರು, ಅದರ ಕೆಳಗೆ ಮಾಧವರಾವ ನಾರಾಯಣ, ಮುಖ್ಯ ಪ್ರಧಾನ, ಅಂದರೆ ಪೇಶ್ವೆ.

ಸೂಟಿಗೆಂದು ಬಂದ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಳು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾಳೆ. ಅವಳ ಕೈಯಲ್ಲಿ ಪ್ರಶ್ನೆಗಳ ಪುಸ್ತಕ.

"ಅಜ್ಜಾ, ರೋಮಿನ ಗಣರಾಜ್ಯ ಮುಗಿದದ್ದು ಯಾವಾಗ? ನಾಲ್ಕು ಉತ್ತರ ಕೊಟ್ಟಾರ. ಕ್ರಿಸ್ತಪೂರ್ವ 49, 44, 31, 27. ನಾಲ್ಕೂ ಖರೇ ಅನಿಸ್ತಾವ."

ಕಾಗವಾಡದ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದವನು ನಾನು. ಪ್ರತಿ ವರ್ಷ ಬೋರ್ಡಿನ ಮೇಲೆ 27 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಉತ್ತರ ತಪ್ಪಲ್ಲ. ಆದರೆ ಆ ಎರಡು ಗೆರೆಯಿಂದ ಮಕ್ಕಳ ತಲೆಯಲ್ಲಿ ಉಳಿದದ್ದೇನು? ಒಂದು ದಿನ ಬೆಳಿಗ್ಗೆ ಗಣರಾಜ್ಯ ಸತ್ತಿತು, ಸಂಜೆಗೆ ಸಾಮ್ರಾಜ್ಯ ಹುಟ್ಟಿತು ಎಂಬ ಚಿತ್ರ. ಅದು ಹಾಗೆ ಆಗಲಿಲ್ಲ ಎಂದು ತರಗತಿಯಲ್ಲಿ ಬಿಡಿಸಿ ಹೇಳಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ. ಹೇಳುವುದಕ್ಕೆ ದೂರ ಹೋಗಬೇಕಿರಲಿಲ್ಲ. ನಮ್ಮ ರುಮಾಲುಗಳಲ್ಲೇ ಅದು ಇತ್ತು.

ಅವಳಿಗೆ ಕಾಗದ ತೋರಿಸಿ ಕೇಳಿದೆ, "ಈ ಶಿಕ್ಕಾದಾಗ ಇರೂ ಇಬ್ಬರು ಆಗ ಏನ ಮಾಡತಿದ್ರು ಗೊತ್ತೈತೇನು?"

ಮಾಧವರಾವ ನಾರಾಯಣ ಹುಟ್ಟಿದ್ದು 1774ರ ಏಪ್ರಿಲ್‌ನಲ್ಲಿ, ಪುರಂದರ ಕೋಟೆಯಲ್ಲಿ. ತಂದೆ ನಾರಾಯಣರಾವ ಪೇಶ್ವೆ ಅದಕ್ಕೂ ಮೊದಲೇ, 1773ರಲ್ಲಿ, ಕೊಲೆಯಾಗಿದ್ದ. ಕೂಸಿಗೆ ನಲವತ್ತು ದಿನವಾದಾಗ ಸಾತಾರೆಯಿಂದ ಪೇಶ್ವೆ ಪದವಿಯ ವಸ್ತ್ರಗಳು ಬಂದವು, ಕೂಸು ಪೇಶ್ವೆಯಾಯಿತು. ನಮ್ಮ ಕಾಗದ ಬರೆಯುವ ಹೊತ್ತಿಗೆ ಮುಖ್ಯ ಪ್ರಧಾನನಿಗೆ ಸರಿಯಾಗಿ ಮಾತು ಬರುತ್ತಿರಲಿಲ್ಲ. ಇನ್ನು ಆ ವಸ್ತ್ರ ಕಳಿಸಿದ ಛತ್ರಪತಿ? ಅವನು ಸಾತಾರೆಯಲ್ಲಿ ಹೆಸರಿಗೆ ರಾಜನಾಗಿ ದಿನ ದೂಡುತ್ತಿದ್ದ. ಶಿಕ್ಕಾದಲ್ಲಿ ಎರಡು ಹೆಸರಿವೆ, ಇಬ್ಬರಲ್ಲಿ ಒಬ್ಬನಿಗೂ ಕಾಗವಾಡದ ಒಂದು ಗುಡಿಗೆ ದೀಪದ ಎಣ್ಣೆ ಮಂಜೂರು ಮಾಡುವ ಶಕ್ತಿ ಇರಲಿಲ್ಲ. ಕೆಲಸ ನಡೆಸುತ್ತಿದ್ದವರು ನಾನಾ ಫಡ್ನವೀಸ ಮತ್ತು ಅವನ ಜೊತೆಗಾರ ಕಾರಭಾರಿಗಳು. ಶಿಕ್ಕಾದಲ್ಲಿ ನಾನಾನ ಹೆಸರೇ ಇಲ್ಲ.

ಇಲ್ಲಿಗೆ ಹೇಗೆ ಬಂತು? 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕವಾದಾಗ ಎಂಟು ಜನ ಪ್ರಧಾನರು ಇದ್ದರು. ಅವರಲ್ಲಿ ಪೇಶ್ವೆ ಒಬ್ಬ. ಅದು ಸಂಬಳದ ಕೆಲಸ, ತಂದೆಯಿಂದ ಮಗನಿಗೆ ತಾನಾಗಿ ಹೋಗುವ ವತನವಲ್ಲ. 1713ರಲ್ಲಿ ಶಾಹು ಮಹಾರಾಜ ಬಾಳಾಜಿ ವಿಶ್ವನಾಥನನ್ನು ಪೇಶ್ವೆ ಮಾಡಿದ. 1720ರಲ್ಲಿ ಅವನ ಮಗ ಬಾಜೀರಾವ, 1740ರಲ್ಲಿ ಮೊಮ್ಮಗ ಬಾಳಾಜಿ ಬಾಜೀರಾವ. ಮೂರು ತಲೆಮಾರು ಅದೇ ಮನೆಯಲ್ಲಿ ಕೂತ ಮೇಲೆ ಕೆಲಸ ವತನವಾಯಿತು. 1749ರ ಡಿಸೆಂಬರಿನಲ್ಲಿ ಶಾಹು ತೀರಿಕೊಂಡ. ಮುಂದೆ ಬಂದ ರಾಮರಾಜ, ಅಂದರೆ ನಮ್ಮ ಶಿಕ್ಕಾದ ರಾಜಾರಾಮನೇ, 1750ರಲ್ಲಿ ಸಾಂಗೋಲೆಯಲ್ಲಿ ಕಾರಭಾರವನ್ನೆಲ್ಲ ಪೇಶ್ವೆಗೆ ಒಪ್ಪಿಸಿ ಒಪ್ಪಂದ ಮಾಡಿಕೊಟ್ಟ. ಸಾಂಗೋಲೆ ಅಥಣಿಯ ಉತ್ತರಕ್ಕೆ, ಪಂಢರಪುರದ ದಾರಿಯಲ್ಲಿದೆ. ವಾರಿಗೆ ಹೋಗುವ ನಮ್ಮ ಜನ ಇಂದಿಗೂ ಆ ಕಡೆ ಹಾಯುತ್ತಾರೆ. ಅಲ್ಲಿ ಯಾರೂ ಯಾರನ್ನೂ ಪಟ್ಟದಿಂದ ಇಳಿಸಲಿಲ್ಲ. ಛತ್ರಪತಿ ಛತ್ರಪತಿಯಾಗಿಯೇ ಉಳಿದ, ಪೇಶ್ವೆ ಸೇವಕನಾಗಿಯೇ ಉಳಿದ. ಅಂದಿನಿಂದ ಪ್ರತಿಯೊಬ್ಬ ಪೇಶ್ವೆಯೂ ಸಾತಾರೆಯ ವಸ್ತ್ರ ಬಂದ ಮೇಲೆಯೇ ಗಾದಿಗೆ ಕೂತ. ರಾಜ್ಯ ಮಾತ್ರ ಪುಣೆಗೆ ಹೋಯಿತು.

ಇದಕ್ಕೆ ಕುದುರೆ ದಂಡಿನ ಲೆಕ್ಕವೂ ಕಾರಣ. ಸರದಾರನಿಗೆ ದಂಡು ಸಾಕುವುದಕ್ಕೆಂದು ಕೊಡುತ್ತಿದ್ದ ಊರುಗಳಿಗೆ ಸರಂಜಾಮು ಎನ್ನುತ್ತಿದ್ದರು. 1764ರಲ್ಲಿ ಮೊದಲನೆಯ ಮಾಧವರಾವ ಪೇಶ್ವೆ ಪಟವರ್ಧನ ಮನೆತನಕ್ಕೆ ಮಿರಜ ಸುತ್ತಿನ ಸರಂಜಾಮು ಕೊಟ್ಟ. ಈಗ ಕಾಗವಾಡ ತಾಲೂಕಿಗೆ ಸೇರಿದ ಶೇಡಬಾಳದಲ್ಲೂ ಮುಂದೆ ಪಟವರ್ಧನರ ಒಂದು ಶಾಖೆ ನೆಲೆ ನಿಂತಿತು. ಕೊಟ್ಟವನು ಪೇಶ್ವೆ, ಆದ್ದರಿಂದ ಪಟವರ್ಧನರ ಸವಾರ ಪುಣೆಯ ಕಡೆ ನೋಡಿದ. ದಂಡು ಯಾರ ಅನ್ನ ಉಣ್ಣುತ್ತದೋ ಅವರ ಮಾತು ಕೇಳುತ್ತದೆ. ರೋಮಿನ ಕಥೆಯ ನಡುಗಂಬವೂ ಇದೇ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಸಾತಾರೆ ಗಣರಾಜ್ಯವಲ್ಲ, ಅಲ್ಲಿ ಮೊದಲಿನಿಂದಲೂ ರಾಜನೇ ಇದ್ದ. ರೋಮಿನಲ್ಲಿ ಕಳೆದುಹೋದದ್ದು ಅದಕ್ಕಿಂತ ದೊಡ್ಡದು, ಪ್ರಜೆಗಳು ವೋಟು ಹಾಕಿ ಅಧಿಕಾರಿಯನ್ನು ಆರಿಸುವ ಹಕ್ಕು. ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಸಮ ಎನ್ನಲಾರೆ. ಹೆಸರು ಇದ್ದಲ್ಲೇ ಇದ್ದು ಅಧಿಕಾರ ಜಾಗ ಬದಲಿಸಿದ ಬಗೆ ಮಾತ್ರ ಒಂದೇ.

ರೋಮಿನವರು ತಮ್ಮ ಕೊನೆಯ ರಾಜನನ್ನು ಕ್ರಿ.ಪೂ. 509ರ ಸುಮಾರಿಗೆ ಓಡಿಸಿದರು ಎಂಬುದು ಅವರೇ ಹೇಳಿಕೊಳ್ಳುತ್ತಿದ್ದ ಲೆಕ್ಕ. ಅಲ್ಲಿಂದ ಮುಂದೆ ರಾಜ ಎಂಬ ಶಬ್ದವೇ ಅವರಿಗೆ ಬೈಗುಳ. ಮತ್ತೊಬ್ಬ ರಾಜ ಹುಟ್ಟಬಾರದೆಂದು ಅವರು ಹಾಕಿದ ಬೇಲಿ ನೋಡಿ: ಆಳುವುದಕ್ಕೆ ಒಬ್ಬನಲ್ಲ, ಇಬ್ಬರು ಕಾನ್ಸುಲರು. ಅವಧಿ ಒಂದೇ ವರ್ಷ. ಒಬ್ಬನ ಹುಕುಮನ್ನು ಇನ್ನೊಬ್ಬ ತಡೆಯಬಹುದು. ಜನಸಾಮಾನ್ಯರ ಪರವಾಗಿ ಟ್ರಿಬ್ಯೂನರು ಎಂಬ ಅಧಿಕಾರಿಗಳು, ಅವರು ಎದ್ದು ನಿಂತು "ಬೇಡ" ಎಂದರೆ ಕಾನ್ಸುಲನ ಕೆಲಸವೂ ನಿಲ್ಲಬೇಕು. ಅವರ ಮೈಮುಟ್ಟುವುದು ಪಾಪ. ಅನುಭವಿಗಳ ಸೆನೆಟ್ ಸಲಹೆಗೆ. ಊರಿಗೆ ಆಪತ್ತು ಬಂದಾಗ ಮಾತ್ರ ಒಬ್ಬ ಡಿಕ್ಟೇಟರ್, ಅದೂ ಹೆಚ್ಚೆಂದರೆ ಆರು ತಿಂಗಳು.

ಆ ಆರು ತಿಂಗಳನ್ನು ನೆನಪಿಟ್ಟುಕೊಳ್ಳಿ. ಬೇಲಿ ಮುರಿದದ್ದು ಅಲ್ಲಿ. ಕ್ರಿ.ಪೂ. 82ರ ಕೊನೆಗೆ ಸುಲ್ಲಾ ಅವಧಿಯೇ ಹೇಳದೆ ಡಿಕ್ಟೇಟರ್ ಆದ. 46ರಲ್ಲಿ ಜೂಲಿಯಸ್ ಸೀಸರನಿಗೆ ಆ ಪದವಿಯನ್ನು ಹತ್ತು ವರ್ಷಕ್ಕೆ ಕೊಟ್ಟರು, 44ರಲ್ಲಿ ಜೀವಮಾನಕ್ಕೆ. ಆರು ತಿಂಗಳಿಗೆಂದು ಮಾಡಿದ ಮದ್ದು ನಿತ್ಯದ ಊಟವಾಯಿತು.

ಡಿಕ್ಟೇಟರಿಕೆಗೂ ಮೊದಲು ಬದಲಾದದ್ದು ದಂಡು. ಹೊಲ ಇದ್ದ ರೈತ ಸ್ವಂತ ಆಯುಧ ಹಿಡಿದು ಯುದ್ಧಕ್ಕೆ ಹೋಗಿ, ಮರಳಿ ಬಂದು ಹೊಲ ಉಳುವುದು ಹಳೆಯ ಪದ್ಧತಿ. ರಾಜ್ಯ ದೂರ ದೂರಕ್ಕೆ ಬೆಳೆದಂತೆ ಯುದ್ಧ ವರ್ಷಗಟ್ಟಲೆ ಎಳೆಯತೊಡಗಿತು, ಹೊಲ ಬೀಳು ಬಿದ್ದಿತು, ಶ್ರೀಮಂತರು ಅದನ್ನು ನುಂಗಿದರು. ಆ ಹೊಲಗಳ ಹಂಚಿಕೆ ಸರಿ ಮಾಡಲು ಹೋದ ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್‌ನನ್ನು 133ರಲ್ಲಿ ಸೆನೆಟರುಗಳೇ ಬಡಿದು ಕೊಂದರು. ಮೈಮುಟ್ಟಬಾರದವನ ಮೈಮೇಲೆ ಬಡಿಗೆ ಬಿದ್ದ ದಿನವೇ ರೋಮಿನ ನಿಜವಾದ ಬಿರುಕಿನ ದಿನ ಎಂದು ನನ್ನ ಮನಸ್ಸು ಹೇಳುತ್ತದೆ. ಪ್ರಶ್ನೆಯ ನಾಲ್ಕು ಉತ್ತರಗಳಲ್ಲಿ ಅದು ಇಲ್ಲವೇ ಇಲ್ಲ. 107ರಲ್ಲಿ ಮಾರಿಯಸ್ ಹೊಲವಿಲ್ಲದವರನ್ನೂ ದಂಡಿಗೆ ಸೇರಿಸಿಕೊಂಡ. ಇಂಥ ಸಿಪಾಯಿಗೆ ನಿವೃತ್ತಿಯಾದ ಮೇಲೆ ಒಂದು ತುಂಡು ಹೊಲ ಬೇಕು. ಸೆನೆಟ್ ಕೊಡಲಿಲ್ಲ. ಕೊಡಿಸುವವನು ದಳಪತಿ. ಮುಂದಿನದು ಪಟವರ್ಧನರ ಸವಾರನ ಕಥೆಯೇ. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ದಂಡನ್ನು ರೋಮಿನ ಮೇಲೆಯೇ ನಡೆಸಿದ, ಸಿಪಾಯಿಗಳು ಅವನ ಹಿಂದೆ ಹೋದರು. 49ರಲ್ಲಿ ಸೀಸರ್ ರೂಬಿಕಾನ್ ಎಂಬ ಚಿಕ್ಕ ಹೊಳೆ ದಾಟಿದಾಗಲೂ ಆದದ್ದು ಅಷ್ಟೇ.

44ರ ಮಾರ್ಚ್ 15ರಂದು ಸೀಸರನನ್ನು ಇರಿದವರು ಗಣರಾಜ್ಯ ಉಳಿಯಿತು ಎಂದುಕೊಂಡರು. ಅವರು ಕೊಂದದ್ದು ಒಬ್ಬ ಮನುಷ್ಯನನ್ನು. ಸಿಪಾಯಿಯ ಅನ್ನ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಸೀಸರನ ದತ್ತುಮಗ ಆಕ್ಟೇವಿಯನ್‌ಗೆ ಆಗ ಹದಿನೆಂಟು ವರ್ಷ. ಹದಿಮೂರು ವರ್ಷ ಯುದ್ಧದ ಮೇಲೆ ಯುದ್ಧ. 31ರಲ್ಲಿ ಆಕ್ಟಿಯಮ್ ಕಡಲಕಾಳಗದಲ್ಲಿ ಎದುರಾಳಿ ಆಂಟನಿಯನ್ನು ಗೆದ್ದ ಮೇಲೆ ಎದುರು ನಿಲ್ಲುವವರು ಉಳಿಯಲಿಲ್ಲ.

ಅವನ ಜಾಣತನ ಇರುವುದು ಆಮೇಲಿನ ನಡೆಯಲ್ಲಿ. 27ರ ಜನವರಿ 13ರಂದು ಸೆನೆಟ್ಟಿಗೆ ಹೋಗಿ ಎಲ್ಲ ಅಧಿಕಾರವನ್ನೂ ಮರಳಿ ಒಪ್ಪಿಸಿದ. ಸೆನೆಟ್ ಅವನಿಗೆ ಸ್ಪೇನ್, ಗಾಲ್, ಸಿರಿಯಾ ಪ್ರಾಂತಗಳನ್ನು ಹತ್ತು ವರ್ಷಕ್ಕೆ ಮರಳಿ ಕೊಟ್ಟಿತು. ಹೆಚ್ಚಿನ ದಂಡು ಇದ್ದದ್ದು ಆ ಪ್ರಾಂತಗಳಲ್ಲೇ! ಮೂರು ದಿನದ ಮೇಲೆ ಅಗಸ್ಟಸ್ ಎಂಬ ಬಿರುದು. ಮುಂದೆ ಒಂದು ತಿಂಗಳಿಗೂ ಅದೇ ಹೆಸರು ಬಿತ್ತು.

23ರಲ್ಲಿ ಅವನು ವರ್ಷವರ್ಷ ಹಿಡಿಯುತ್ತಿದ್ದ ಕಾನ್ಸುಲ್ ಪದವಿಯನ್ನೂ ಬಿಟ್ಟ. ಬದಲಿಗೆ ತೆಗೆದುಕೊಂಡದ್ದು ಟ್ರಿಬ್ಯೂನನ ಅಧಿಕಾರ. ಪದವಿಯಲ್ಲ, ಅದರ ಅಧಿಕಾರ ಮಾತ್ರ, ಅದೂ ಸಾಯುವ ತನಕ. ಬಡವರ ರಕ್ಷಣೆಗೆಂದು ಹುಟ್ಟಿದ "ಬೇಡ" ಎನ್ನುವ ಹಕ್ಕು ಈಗ ರಾಜ್ಯದ ಎಲ್ಲರಿಗಿಂತ ಬಲಿಷ್ಠನ ಕೈಗೆ ಬಂತು. ರೋಮಿನ ಮೋರ್ತಬ ಅದು. ಸೆನೆಟ್ ಏನಾದರೂ ಬರೆಯಲಿ, ಬರಹ ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನು. ಮುಂದೆ ಬಂದ ಸಾಮ್ರಾಟರು ತಮ್ಮ ಆಳ್ವಿಕೆಯ ವರ್ಷಗಳನ್ನು ಈ ಟ್ರಿಬ್ಯೂನ್ ಅಧಿಕಾರದಿಂದಲೇ ಎಣಿಸಿದರು. ಡಿಕ್ಟೇಟರ್ ಆಗು ಎಂದು 22ರಲ್ಲಿ ಜನರೇ ಬಂದು ಬೇಡಿದಾಗ ಅವನು ಒಪ್ಪಲಿಲ್ಲ. ಅವನಿಗೆ ಆ ಹೆಸರು ಬೇಕಾಗಿರಲಿಲ್ಲ.

ಜನ ಯಾಕೆ ಒಪ್ಪಿದರು ಎಂದು ಮೊಮ್ಮಗಳು ಕೇಳಿದಳು. ಅವರನ್ನು ಹೇಡಿಗಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅಣ್ಣತಮ್ಮಂದಿರ ಕಾಳಗ ನೋಡಿ ನೋಡಿ ಸಾಕಾಗಿತ್ತು. ಗಣರಾಜ್ಯ ನೆಟ್ಟಗೆ ನಡೆದದ್ದನ್ನು ಕಂಡವರು ಸತ್ತುಹೋಗಿದ್ದರು. ಕಾಳು ಬರುತ್ತಿತ್ತು, ದಾರಿಯಲ್ಲಿ ದರೋಡೆ ನಿಂತಿತ್ತು. ಕ್ರಿ.ಶ. 6ರಲ್ಲಿ ಅಗಸ್ಟಸ್ ಸಿಪಾಯಿಗಳ ನಿವೃತ್ತಿಗೆಂದೇ ಬೇರೆ ಖಜಾನೆ ತೆರೆದು ಅದಕ್ಕೆ ಸ್ವಂತದ ಹಣ ಹಾಕಿದ, ಅಲ್ಲಿಗೆ ಅನ್ನದ ಪ್ರಶ್ನೆಯೂ ಮುಗಿಯಿತು. ಚುನಾವಣೆಗಳು ನಡೆಯುತ್ತಲೇ ಇದ್ದವು. ಅವನು ಸತ್ತ ಕ್ರಿ.ಶ. 14ರಲ್ಲಿ ಅಧಿಕಾರಿಗಳ ಆಯ್ಕೆ ಜನಸಭೆಯಿಂದ ಸೆನೆಟ್ಟಿಗೆ ಹೋಯಿತು. ಜನ ದೊಡ್ಡ ಗದ್ದಲವನ್ನೇನೂ ಮಾಡಲಿಲ್ಲ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಗಸ್ಟಸ್ ತನ್ನ ಕೆಲಸಗಳ ಲೆಕ್ಕವನ್ನು ತಾನೇ ಬರೆಸಿಟ್ಟಿದ್ದ. ಅದರ ಪ್ರತಿ ಈಗಿನ ಟರ್ಕಿಯ ಅಂಕಾರಾದ ಗುಡಿಯ ಗೋಡೆಯ ಮೇಲೆ ಕೆತ್ತಿದ್ದು ಉಳಿದಿದೆ. ಭಾರತದ ರಾಜರಿಂದ ತನ್ನ ಹತ್ತಿರ ರಾಯಭಾರಿಗಳು ಬಂದಿದ್ದರು ಎಂಬ ಮಾತು ಅದರಲ್ಲಿದೆ. ತಾನು ಮಾನದಲ್ಲಿ ಮಾತ್ರ ಎಲ್ಲರಿಗಿಂತ ಮೇಲು, ಅಧಿಕಾರದಲ್ಲಿ ಜೊತೆಯ ಅಧಿಕಾರಿಗಳಿಗಿಂತ ಹೆಚ್ಚಿನವನಲ್ಲ ಎಂಬ ಅರ್ಥದ ಮಾತೂ ಇದೆ.

ಆ ಕಾಲದ ರೋಮಿನ ಸಾಮಾನು ನಮ್ಮ ಮಗ್ಗುಲಿಗೇ ಬಂದಿತ್ತು. ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ ಕೊಲ್ಹಾಪುರ. ಅಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ ಗ್ರೀಕರ ಕಡಲದೇವತೆ ಪೊಸೈಡನ್‌ನ ಪುಟ್ಟ ಕಂಚಿನ ವಿಗ್ರಹ ಸಿಕ್ಕಿತು. ಟೌನ್‌ಹಾಲ್ ಮ್ಯೂಸಿಯಮ್ಮಿನಲ್ಲಿದೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ, ನಮ್ಮ ಕಡೆಯ ಶಾಸನಗಳನ್ನು ಓದಿದ ಪ್ರೊ. ಕೆ.ಜಿ. ಕುಂದಣಗಾರರ ಹೆಸರು ಆ ಅಗೆತದ ಜೊತೆಗೂ ಸೇರಿಕೊಂಡಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಯಶವಂತಪುರದ ನಿಧಿ ಹೊರಬಿದ್ದದ್ದು 1891ರಲ್ಲಿ.

ಭಾರತದಲ್ಲಿ ಸಿಕ್ಕ ಅಗಸ್ಟಸನ ಬೆಳ್ಳಿ ನಾಣ್ಯಗಳಲ್ಲಿ ಒಂದು ಬಗೆಯದೇ ಹೆಚ್ಚು. ನಾಣ್ಯ ಕೂಡಿಸುವ ಗೆಳೆಯನೊಬ್ಬ ಒಮ್ಮೆ ಅದನ್ನು ನನ್ನ ಅಂಗೈಯಲ್ಲಿ ಇಟ್ಟಿದ್ದ. ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ ತೂಕ, ನಮ್ಮ ಹಳೆಯ ಬೆಳ್ಳಿ ಪಾವಲಿಗಿಂತ ಚೂರು ಹೆಚ್ಚು. ಒಂದು ಮಗ್ಗುಲಿಗೆ ಅಗಸ್ಟಸನ ತಲೆ, ಸುತ್ತಲೂ ದೇವರ ಮಗ, ನಾಡಿನ ತಂದೆ ಎಂಬ ಬಿರುದುಗಳು. ರಾಜ ಎಂಬ ಶಬ್ದ ಎಲ್ಲಿಯೂ ಇಲ್ಲ. ಹೊರಳಿಸಿದರೆ ಇಬ್ಬರು ಹುಡುಗರು ನಿಂತಿದ್ದಾರೆ, ನಡುವೆ ಎರಡು ಗುರಾಣಿ, ಎರಡು ಈಟಿ. ಗಾಯಸ್ ಮತ್ತು ಲೂಸಿಯಸ್, ಅಗಸ್ಟಸನ ಮಗಳ ಮಕ್ಕಳು. ಅವರನ್ನು ಅವನೇ ದತ್ತು ತೆಗೆದುಕೊಂಡಿದ್ದ. ಅವರ ಹೆಸರಿನ ಜೊತೆ "ಮುಂದಿನ ಕಾನ್ಸುಲರು" ಎಂದು ಕೊರೆದಿದೆ.

ಗಣರಾಜ್ಯದ ಕಾಯ್ದೆಯಂತೆ ಕಾನ್ಸುಲ್ ಆಗಲು ನಲವತ್ತರ ಮೇಲೆ ವಯಸ್ಸಾಗಬೇಕು, ಕೆಳಗಿನ ಪದವಿಗಳನ್ನು ಒಂದೊಂದಾಗಿ ಗೆದ್ದು ಬರಬೇಕು. ಗಾಯಸನಿಗೆ ಈ ಮಾತು ಕೊಟ್ಟಾಗ ಹದಿನಾಲ್ಕು ಚಿಲ್ಲರೆ ವರ್ಷ. ಕಾನ್ಸುಲ್ ಎಂಬ ಶಬ್ದವನ್ನು ಯಾರೂ ಅಳಿಸಲಿಲ್ಲ, ಮನೆಯ ಮಕ್ಕಳಿಗೆ ಹಂಚಿದರು. ಆ ಪದವಿ ಹಾಗೇ ನಡೆದು ಕ್ರಿ.ಶ. 541ರವರೆಗೂ ಕಾನ್ಸುಲರು ಆಗುತ್ತಲೇ ಇದ್ದರು.

ಮೊಮ್ಮಗಳು ಪುರಂದರದ ಕೂಸಿನ ಶಿಕ್ಕಾವನ್ನು ಇನ್ನೊಮ್ಮೆ ನೋಡಿದಳು.

ಹೆಸರು ಉಳಿಸಿ ಅಧಿಕಾರ ಕಸಿಯುವ ಈ ವಿದ್ಯೆ ಕುಂಪಣಿ ಸರಕಾರಕ್ಕೂ ಗೊತ್ತಿತ್ತು. ದಿಲ್ಲಿಯ ಶಾಹ ಆಲಮ್ 1806ರಲ್ಲೇ ಸತ್ತರೂ ಅವನ ಹೆಸರಿನಲ್ಲಿ ರೂಪಾಯಿ ಅಚ್ಚು ಹಾಕುತ್ತ ಬಂದ ಕುಂಪಣಿ, ತನ್ನ ರಾಜನ ಮುಖ ಇಟ್ಟದ್ದು 1835ರಲ್ಲಿ. 1818ರಲ್ಲಿ ಪೇಶ್ವೆಯನ್ನು ಕೆಳಗಿಳಿಸಿ ಸಾತಾರೆಯ ಛತ್ರಪತಿಯನ್ನು ಮತ್ತೆ ಕೂರಿಸಿದರು, 1848ರಲ್ಲಿ ಆ ರಾಜ್ಯವನ್ನೂ ನುಂಗಿದರು. ಆ ಕಾಲದಲ್ಲಿ ಚಿಕ್ಕೋಡಿಯ ಒಬ್ಬ ರೈತನ ಗತಿ ಯೋಚಿಸಿ. 1812ರ ಒಪ್ಪಂದದಲ್ಲಿ ಕೊಲ್ಹಾಪುರದ ರಾಜ ಚಿಕ್ಕೋಡಿ, ಮುನವಳ್ಳಿಗಳ ಹಕ್ಕು ಬಿಟ್ಟ. ಅವು ನಿಪ್ಪಾಣಿಯ ಸಿದ್ಧೋಜಿರಾವ ನಿಂಬಾಳ್ಕರನ, ನಮ್ಮ ಜನ ಅಪ್ಪಾ ದೇಸಾಯಿ ಎನ್ನುವವನ, ಕೈಯಲ್ಲಿದ್ದವು. ಪೇಶ್ವೆ ಬಿದ್ದ ಮೇಲೆ ಕುಂಪಣಿ ಅವನ್ನು ಕೊಲ್ಹಾಪುರಕ್ಕೆ ಕೊಟ್ಟಿತು, 1829ರಲ್ಲಿ ಕಸಿದುಕೊಂಡಿತು. 1839ರಲ್ಲಿ ಅಪ್ಪಾ ದೇಸಾಯಿ ತೀರಿಕೊಂಡ ಮೇಲೆ ನಿಪ್ಪಾಣಿಯೂ ಹೋಯಿತು. ಒಬ್ಬನೇ ಮನುಷ್ಯ, ಒಂದೇ ಹೊಲ, ಇಪ್ಪತ್ತು ವರ್ಷದಲ್ಲಿ ಸಾರಾ ಕಟ್ಟುವ ಕಟ್ಟೆ ಎಷ್ಟು ಸಲ ಬದಲಾಯಿತು! ನನ್ನ ಹೆಂಡತಿಯ ತವರು ರಾಯಬಾಗದ ಕಡೆ. ಅಲ್ಲಿಯವರು ಕೊಲ್ಹಾಪುರ ಸಂಸ್ಥಾನದ ಪ್ರಜೆಗಳಾಗಿದ್ದರು. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1949ರ ಮಾರ್ಚ್ 1ಕ್ಕೆ. ಅದಾಗಿ ಹನ್ನೊಂದು ತಿಂಗಳೊಳಗೆ ಅವರೂ ಗಣರಾಜ್ಯದ ಪ್ರಜೆಗಳಾದರು. ನನ್ನ ಮಾವ ಮೊದಲ ವೋಟು ಹಾಕಿ ಬಂದ ದಿನ ಬೆರಳ ಮಸಿಯನ್ನು ಊರೆಲ್ಲ ತೋರಿಸಿದ್ದರಂತೆ.

"ಪರೀಕ್ಷಾದಾಗ 27 ಅಂತ ಬರಿ ತಂಗಿ," ಎಂದೆ. "ಆದ್ರ ಈ ಕಾಗದ ಮರೀಬ್ಯಾಡ."

ಕಾಗವಾಡದ ಮನೆಯ ಹಿರಿಯರು ಅಲ್ಲಿಯವರೆಗೂ ಸುಮ್ಮನೆ ಕೂತಿದ್ದವರು ಕೇಳಿದರು, "ಸರ, ಆ ನಾಣ್ಯಾದೊಳಗಿನ ಹುಡುಗರು ಮುಂದ ಅಧಿಕಾರಕ್ಕ ಬಂದ್ರೇನ್ರೀ?"

ಗಾಯಸ್ ಕ್ರಿ.ಶ. 1ರಲ್ಲಿ ಕಾನ್ಸುಲ್ ಆದ, 4ರಲ್ಲಿ ಸತ್ತ. ಲೂಸಿಯಸ್ ಕಾನ್ಸುಲ್ ಆಗಲೇ ಇಲ್ಲ, ಕ್ರಿ.ಶ. 2ರಲ್ಲಿ ಮಾರ್ಸೇಯಲ್ಲಿ ತೀರಿಕೊಂಡ. ಪುರಂದರದ ಕೂಸು 1795ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಪುಣೆಯ ಶನಿವಾರವಾಡೆಯ ಮಾಳಿಗೆಯಿಂದ ಬಿದ್ದು ಸತ್ತಿತು. ಹಿರಿಯರು "ಪಾಪ" ಎಂದರು. ಮೊಮ್ಮಗಳು ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಿಸಿದಳು. ಮಡಿಸುವ ಮೊದಲು ಭೂತಗನ್ನಡಿ ಹಿಡಿದು ಕೊನೆಯ ಸಾಲಿನ ಕೆಳಗಿನ ಆ ಚಿಕ್ಕ ಮುದ್ರೆಯನ್ನು ಬಹಳ ಹೊತ್ತು ನೋಡಿದಳು.